ತೂತು ಕೊರೆಯದ ದಂತವೈದ್ಯರು

ಅಡಿಲೇಡ್ ಪಟ್ಟಣದ ಅರ್ಧ ಜನರ ಹಲ್ಲುಗಳನ್ನು ಕೊರೆದು ನಿವೃತ್ತರಾದ ಡಾಕ್ಟರ್ ಗುನಾರ್ಸ್ ಕ್ಲಾವಿನ್ಸ್, ತಮ್ಮ ಕೈಗೆ ಬಂದ ಗಾಡಿಗಳಲ್ಲಿ ಮಾತ್ರ ಒಂದೇ ಒಂದು ತೂತನ್ನೂ ಕೊರೆದವರಲ್ಲ. ಸ್ಟೇರಿಂಗ್ ಬದಲಿಸುತ್ತಾರೆ, ಕಾರ್ಖಾನೆಯವರು ಕೊಟ್ಟ ಸೀಟನ್ನು ಕಿತ್ತು ಬೆನ್ನಿಗೆ ಹಿತವಾದ ಇನ್ನೊಂದನ್ನು ಕೂರಿಸುತ್ತಾರೆ, ಸೈಲೆನ್ಸರ್ ಬಿಚ್ಚಿ ಎಂಜಿನ್ನಿನ ಕಂಠವನ್ನೇ ತಾರದಿಂದ ಮಂದ್ರಕ್ಕೆ ಇಳಿಸುತ್ತಾರೆ. ಆದರೆ ಇಷ್ಟೆಲ್ಲವನ್ನೂ ಗಾಡಿ ಹುಟ್ಟುವಾಗಲೇ ಪಡೆದುಬಂದ ರಂಧ್ರಗಳಲ್ಲಿ, ಹಳೆಯ ಬೋಲ್ಟುಗಳ ಜಾಗದಲ್ಲೇ ನೆರವೇರಿಸುತ್ತಾರೆ. "ಜೀವಮಾನವಿಡೀ ಕೊರೆದದ್ದು ಸಾಕು ಕಣಮ್ಮ, ಇವುಗಳನ್ನಾದರೂ ಸುಮ್ಮನೆ ಬಿಡ್ತೀನಿ" ಎಂದು ನನಗೆ ಪರಿಚಯವಾದ ಮೊದಲ ದಿನವೇ ಹೇಳಿದ್ದರು. ಈ ವ್ರತಕ್ಕೆ ಒಂದು ಅಪವಾದವುಂಟು, ಮತ್ತು ಅದು ಆದದ್ದು ನನ್ನ ದೆಸೆಯಿಂದ.

ಗಾಡಿಯ ಹುಚ್ಚು ಹಿಡಿದ ನಮ್ಮ ಸಣ್ಣ ಬಳಗದಲ್ಲಿ ಫೆರಾರಿಯನ್ನೋ ಮಸೆರಾಟಿಯನ್ನೋ ಕೊಂಡವರು ಅದನ್ನು ತಮ್ಮ ಮೈಗೂ ಮನಸ್ಸಿಗೂ ಒಗ್ಗಿಸಿಕೊಳ್ಳದೆ ಬಿಡುವುದಿಲ್ಲ. ಅದೇ ಗಾಡಿಯನ್ನು ನಾಳೆ ಕೊಳ್ಳಲು ಬಂದವರಾದರೋ, ಕಾರ್ಖಾನೆಯ ಬಾಗಿಲು ದಾಟಿದ ದಿನ ಅದು ಹೇಗಿತ್ತೋ ಹಾಗೆಯೇ ಬೇಕೆಂದು ಹಟ ಹಿಡಿಯುತ್ತಾರೆ. ಈ ಎರಡು ಆಸೆಗಳ ನಡುವೆ ಸಂಸಾರ ತೂಗಿಸಲು ಡಾಕ್ಟರರು ಕಂಡುಕೊಂಡ ಉಪಾಯವೆಂದರೆ ಸೇಬಿನ ಪೆಟ್ಟಿಗೆ. ಊರಂಚಿನ ಬೆಟ್ಟದ ಮೇಲಿನ ತೋಟಗಳಿಂದ ಕೇಳಿ ತಂದ ಆ ಮರದ ಪೆಟ್ಟಿಗೆಗಳಲ್ಲಿ, ಬಿಚ್ಚಿದ ಪ್ರತಿಯೊಂದು ಮೂಲಭಾಗವನ್ನೂ, ಸಣ್ಣ ತಿರುಪನ್ನು ಕೂಡ ಬಿಡದೆ, ಹೆಂಡತಿ ವೆಲ್ಟಾರ ಹಳೆಯ ದಿಂಬಿನ ಗೌಸುಗಳಲ್ಲಿ ಸುತ್ತಿ ಮಲಗಿಸಿರುತ್ತಾರೆ. ಗಾಡಿಯನ್ನು ಮಾರಿದಾಗ, ಮದುವೆಯಾದ ಮಗಳ ಜೊತೆ ಟ್ರಂಕನ್ನು ಕಳಿಸಿದ ಹಾಗೆ, ಪೆಟ್ಟಿಗೆಯನ್ನೂ ಕಳಿಸಿಕೊಡುತ್ತಾರೆ.

"ಈ ಊರಿನ ಶೋಕಿ ಗಾಡಿಗಳೆಲ್ಲ ನನ್ನ ದಿಂಬಿನ ಗೌಸು ಹೊದ್ಕೊಂಡು ಬೆಚ್ಚಗಿವೆ, ನಮ್ಮನೆ ದಿಂಬುಗಳು ಮಾತ್ರ ಬತ್ತಲೆ" ಎಂದು ವೆಲ್ಟಾ ಬಂದವರೆದುರಿಗೆಲ್ಲ ಹೇಳುತ್ತಾರೆ. ಡಾಕ್ಟರರು ಅದನ್ನು ಹೊಗಳಿಕೆಯೆಂದೇ ತಿಳಿಯುತ್ತಾರೆ.

ಗ್ಯಾರೇಜಿನಲ್ಲಿ ಅವರು ತೊಡುವುದು ಆಸ್ಪತ್ರೆಯ ಕಾಲದ ಬಿಳಿಯ ಕೋಟನ್ನೇ. ಗ್ರೀಸು, ಬಣ್ಣ, ಬ್ರೇಕಿನ ಎಣ್ಣೆ ಎಲ್ಲ ಸೇರಿ ಅದರ ಬಿಳುಪು ಈಗ ನೆನಪಾಗಿ ಉಳಿದಿದೆಯಷ್ಟೆ. ಆದರೆ ಎದೆಯ ಜೇಬಿನಲ್ಲಿ ಹಲ್ಲು ನೋಡುವ ಪುಟ್ಟ ಕನ್ನಡಿ ಇಂದಿಗೂ ಇದೆ. ಅದನ್ನು ಎಂಜಿನ್ನಿನ ಕಾಣದ ಸಂದುಗಳಿಗೆ ತೂರಿಸಿ, ಎಲ್ಲಿ ಎಣ್ಣೆ ಜಿನುಗುತ್ತಿದೆಯೆಂದು ಕತ್ತು ಓರೆಮಾಡಿ ನೋಡುತ್ತಾರೆ. ನೆಲಕ್ಕೆ ಅಂಟಿದಂತಿರುವ ಗಾಡಿಗಳಲ್ಲಿ ಹತ್ತಿಳಿದು ಅವರ ದೇಹಕ್ಕೊಂದು ಅಭ್ಯಾಸ ಬಂದುಬಿಟ್ಟಿದೆ: ಊಟದ ಮೇಜಿನ ಕುರ್ಚಿಯ ಮೇಲೂ ಮೊದಲು ಪಕ್ಕಕ್ಕೆ ಕುಳಿತು, ತಲೆ ತಗ್ಗಿಸಿ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳುತ್ತಾರೆ. ಮಾತಿನಲ್ಲಿಯೂ ವೃತ್ತಿ ಬಿಟ್ಟುಹೋಗಿಲ್ಲ. ಬಾಯಿ ತೆರೆದು ಮಲಗಿದವರ ಜೊತೆ ಹರಟಿ ಹರಟಿ, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕೆಂಬುದನ್ನೇ ಅವರು ಮರೆತಿದ್ದಾರೆ. "ಕಾಫಿ ಕುಡೀತೀಯಾ? ಕುಡೀತೀಯ. ಸಕ್ಕರೆ? ಬೇಡ." ಅವರ ಮನೆಯಲ್ಲಿ ನಾನು ಇಷ್ಟು ವರ್ಷ ಕುಡಿದದ್ದೆಲ್ಲ ಸಕ್ಕರೆಯಿಲ್ಲದ ಕಾಫಿಯೇ.

ಬಳಗದಲ್ಲಿ ನಮಗೊಂದು ಪದ್ಧತಿಯಿದೆ. ಗಾಡಿ ನಮ್ಮೊಳಗೇ ಕೈ ಬದಲಾಯಿಸಿದರೆ, ಮೊದಲ ಭಾನುವಾರ ಬೆಳಗ್ಗೆ ಬೆಟ್ಟ ಹತ್ತುವಾಗ ಮಾರಿದವರು ಕೊಂಡವರ ಪಕ್ಕದಲ್ಲಿ ಕೂರಬೇಕು, ಮತ್ತು ತುದಿಯಲ್ಲಿರುವ ಬೇಕರಿ ಸಿಗುವವರೆಗೆ ತುಟಿ ಪಿಟಕ್ಕೆನ್ನಬಾರದು. ಕೈಯಾರೆ ಸಾಕಿದ್ದನ್ನು ಇನ್ನೊಬ್ಬರು ಗದರುವುದನ್ನು ನೋಡಿಯೂ ಬಾಯಿ ಮುಚ್ಚಿ ಕುಳಿತರೆ ಮಾತ್ರ ಗಾಡಿ ನಿಜವಾಗಿ ಮಾರಾಟವಾಯಿತೆಂದು ನಮ್ಮ ಲೆಕ್ಕ. ಪಂಪುಗಳ ವ್ಯಾಪಾರಿ ಕ್ಲೈವ್ ಟ್ರೆವೊರೋ ಒಮ್ಮೆ ಎರಡನೆಯ ತಿರುವಿನಲ್ಲೇ "ಅಯ್ಯೋ ಪಾಪಿ, ಗೇರು!" ಎಂದು ಕಿರುಚಿ, ದಂಡವಾಗಿ ಬೇಕರಿಯಲ್ಲಿ ಎಲ್ಲರಿಗೂ ಬಿಸಿ ಪೈ ತಿನ್ನಿಸಬೇಕಾಯಿತು.

ನಾನು ಔಷಧಿ ಅಂಗಡಿಯನ್ನು ಮಾರಿ ಕೈ ಬಿಡುವಾದಾಗ ಡಾಕ್ಟರರ ಹಳದಿ ಫೆರಾರಿಯನ್ನು ಕೊಂಡೆ. ಹೊಸದೇನಲ್ಲ, ನನ್ನ ನಡುವಯಸ್ಸಿಗೆ ಹೊಂದುವಂಥದ್ದು. ಆ ಮೊದಲ ಭಾನುವಾರ ನಾನು ಗೇರಿನ ಹಲ್ಲುಗಳನ್ನು ಎಷ್ಟು ಬಗೆಯಲ್ಲಿ ಕಡಿಸಬಹುದೋ ಅಷ್ಟು ಬಗೆಯಲ್ಲಿ ಕಡಿಸಿದೆ. ಅವರು ಮಂಡಿಗಳ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ತಾವೇ ರೋಗಿಯ ಕುರ್ಚಿಯಲ್ಲಿರುವ ಹಾಗೆ ಸಹಿಸಿಕೊಂಡರು. ಬೇಕರಿಯ ಮುಂದೆ ಇಳಿದ ಮೇಲಷ್ಟೇ, "ಕ್ಲಚ್ಚು ಸ್ವಲ್ಪ ಬಿಗಿ, ಅಲ್ವಾ? ಹೌದು. ರೂಢಿಯಾಗುತ್ತೆ" ಎಂದರು. ನಿಜಕ್ಕೂ ರೂಢಿಯಾಯಿತು, ಬೆಟ್ಟದ ಒಂದೊಂದು ತಿರುವಿಗೂ ಎಡಗಾಲು ತಾನಾಗಿಯೇ ಏಳುವಷ್ಟು ರೂಢಿಯಾಯಿತು.

ಆ ಎಡಗಾಲೇ ಕೈಕೊಟ್ಟಿತು. ಬೆನ್ನಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮಂಡಿಯಿಂದ ಕೆಳಗೆ ಅದು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಕೋಲು ಹಿಡಿದು ನಡೆಯುವುದನ್ನು ನಾನು ಬೇಗನೆ ಒಪ್ಪಿಕೊಂಡೆ. ಕ್ಲಚ್ಚು ತುಳಿಯಲಾರೆನೆಂಬುದನ್ನು ಮಾತ್ರ ಒಪ್ಪಿಕೊಳ್ಳಲಾಗಲಿಲ್ಲ. ಟ್ರೆವೊರೋ ಒಳ್ಳೆಯ ಮನಸ್ಸಿನಿಂದಲೇ, "ಆಟೋಮ್ಯಾಟಿಕ್ ಒಂದು ತಗೊಳ್ಳಮ್ಮ, ಆರಾಮಾಗಿ ಓಡಾಡ್ಕೊಂಡಿರು" ಎಂದ. ನಾನು ಫೋನಿಟ್ಟು ಅತ್ತೆ. ಗಾಡಿ ಶೆಡ್ಡಿನಲ್ಲಿ ಧೂಳು ತಿನ್ನುವುದನ್ನು ನೋಡಲಾಗದೆ ಕೊನೆಗೆ ಡಾಕ್ಟರರಿಗೆ ಹೇಳಿದೆ: "ಹಳದೀನ ಮಾರಿಬಿಡಿ ಡಾಕ್ಟ್ರೇ. ಆ ಮೆಲ್ಬರ್ನಿನವರು ಕೇಳ್ತಾನೇ ಇದ್ರಲ್ಲ."

ಮೆಲ್ಬರ್ನಿನ ಆ ಸಂಗ್ರಾಹಕರು ಅದನ್ನು ಬಯಸಿದ್ದು ಒಂದೇ ಕಾರಣಕ್ಕೆ: ಕಾರ್ಖಾನೆ ಬಿಟ್ಟ ಮೇಲೆ ಆ ಗಾಡಿಯ ಮೈಗೆ ಬೈರಿಗೆ ತಾಗಿರಲಿಲ್ಲ.

ಮರುದಿನ ಡಾಕ್ಟರರು ಬಂದರು, ಗಿರಾಕಿಯನ್ನು ಕರೆತರದೆ, ಕನ್ನಡಿಯೊಂದನ್ನೇ ಹಿಡಿದು. ನನ್ನನ್ನು ಗಾಡಿಯಲ್ಲಿ ಕೂರಿಸಿ, ತಾವು ಬಾಗಿಲಿನಿಂದ ಅರ್ಧ ಮೈ ಒಳಗೆ ತೂರಿಸಿ, ನನ್ನ ಕಾಲ ಬುಡದ ಕತ್ತಲಲ್ಲಿ ಕನ್ನಡಿ ತಿರುಗಿಸುತ್ತ ಬಹಳ ಹೊತ್ತು ಮಲಗಿದ್ದರು. ಅಲ್ಲಿಂದಲೇ ಕೇಳಿದರು: "ಮಾರೋಕೆ ಮನಸ್ಸಿದೆಯಾ? ಇಲ್ಲ. ಎಡಗೈ ಗಟ್ಟಿಯಿದೆಯಾ? ಇದೆ."

ಗೇರಿನ ಕೋಲಿನ ತಲೆಗೆ ಸೈಕಲ್ಲಿನ ಬ್ರೇಕಿನಂಥ ಹಿಡಿಯೊಂದನ್ನು ಕೂರಿಸಿ, ಅದನ್ನು ಒತ್ತಿದರೆ ತಂತಿಯ ಮೂಲಕ ಕ್ಲಚ್ಚು ಬಿಡುವಂತೆ ಮಾಡುವುದು ಅವರ ಆಲೋಚನೆ. ತಂತಿಯ ಇನ್ನೊಂದು ತುದಿಗೆ ಭದ್ರವಾದ ನೆಲೆ ಬೇಕು. ಆ ನೆಲೆಯನ್ನು ಗಾಡಿಯ ನೆಲಕ್ಕೇ ಬೋಲ್ಟು ಹಾಕಿ ಬಿಗಿಯಬೇಕು. ಅಲ್ಲಿ ಬೋಲ್ಟಿಗೆ ಜಾಗವಿರಲಿಲ್ಲ. ಡಾಕ್ಟರರು ಜಗ್ಗಲಿಲ್ಲ. ಪಕ್ಕದ ಹಳೆಯ ಬೋಲ್ಟಿಗೇ ಕಚ್ಚಿಕೊಳ್ಳುವಂಥ ಹಿಡಿಕಟ್ಟೊಂದನ್ನು ಮಾಡಿದರು, ಸಡಿಲವಾಯಿತು. ಒಳಗೆ ರಬ್ಬರು ಕೊಟ್ಟರು, ಜಾರಿತು. ಹೊಸದಾಗಿ ಎರಕ ಹೊಯ್ಯಿಸಿ ತಂದರು. ಚಳಿಗಾಲವಿಡೀ ಹೀಗೇ ಕಳೆಯಿತು. ನನಗಾಗಿ ಅವರು ಪಡುತ್ತಿದ್ದ ಪಾಡನ್ನು ಕಂಡು ಮನಸ್ಸು ತುಂಬಿ ಬರುತ್ತಿತ್ತು. ನನಗಿಂತ ಗಾಡಿಯ ಚರ್ಮ ಹೆಚ್ಚಾಯಿತಲ್ಲ ಎಂದು ಒಂದೆರಡು ಸಲ ಸಿಟ್ಟೂ ಬಂದದ್ದುಂಟು.

ಪರೀಕ್ಷೆಯ ದಿನ ಬಳಗವೆಲ್ಲ ಅವರ ಮನೆಯ ಉದ್ದನೆಯ ಇಳಿಜಾರು ಅಂಗಳದಲ್ಲಿ ಸೇರಿತ್ತು. ವೆಲ್ಟಾರ ಅಡುಗೆಮನೆಯಿಂದ ಪೀರಾಗಿಯ ವಾಸನೆ ಬರುತ್ತಿತ್ತು. ಹಂದಿಮಾಂಸ, ಈರುಳ್ಳಿ ತುಂಬಿ ಬೇಯಿಸುವ ಆ ಪುಟ್ಟ ಬನ್ನುಗಳಿಗಾಗಿಯೇ ಅರ್ಧ ಜನ ಬಂದಿದ್ದರು. ನಾನು ಹಿಡಿ ಒತ್ತಿ ಗೇರು ಹಾಕಿದೆ, ನಿಧಾನವಾಗಿ ಬಿಟ್ಟೆ; ಎಷ್ಟೋ ತಿಂಗಳ ಮೇಲೆ ಹಳದಿ ಗಾಡಿ ನನ್ನ ಕೈಯಲ್ಲಿ ಮುಂದಕ್ಕೆ ನಡೆಯಿತು. ಜನ ಚಪ್ಪಾಳೆ ತಟ್ಟಿದರು. ಅಂಗಳದ ಕೊನೆಗೆ ಟ್ರೆವೊರೋನ ಬೆಳ್ಳಿಬಣ್ಣದ ಮಸೆರಾಟಿ ನಿಂತಿತ್ತು. ನಿಲ್ಲಿಸಲೆಂದು ಹಿಡಿ ಒತ್ತಿದೆ. ಕಾಲ ಬಳಿ ಏನೋ ಜಾರಿದ ಸದ್ದಾಯಿತು, ಕ್ಲಚ್ಚು ಬಿಡಲಿಲ್ಲ. ಬಲಗಾಲಿನಿಂದ ಬ್ರೇಕನ್ನು ಅದುಮಿದೆ. ಗಾಡಿ ಕುಪ್ಪಳಿಸಿ, ನಡುಗಿ, ಮಸೆರಾಟಿಗೆ ಒಂದು ಗೇಣು ದೂರದಲ್ಲಿ ಉಸಿರು ನಿಲ್ಲಿಸಿತು.

ಡಾಕ್ಟರರು ಓಡಿ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಒಂದು ತೂತು ಕೊರೆದು ಬೋಲ್ಟು ಹಾಕಿದ್ರೆ ಅಲ್ಲಾಡಲ್ಲ ಡಾಕ್ಟ್ರೇ," ಎಂದು ಟ್ರೆವೊರೋ ತನ್ನ ಗಾಡಿಯ ಮೂತಿ ಸವರುತ್ತ ಹೇಳಿದ. "ಆದ್ರೆ ಕೊರೆದ್ರೆ ಗಾಡಿ ಮಾನ ಹೋಯ್ತು. ಮೆಲ್ಬರ್ನಿನೋರು ಆಮೇಲೆ ತಿರುಗೀನೂ ನೋಡಲ್ಲ."

"ಕೊರೆಯೋದು ಬೇಡ," ಎಂದೆ. "ಒಂದು ಕಾಲಿಗೋಸ್ಕರ ಅದನ್ನ ಕೆಡಿಸಬೇಡಿ. ಕಳಿಸಿಬಿಡಿ ಡಾಕ್ಟ್ರೇ, ಸಾಕು."

"ಬೇರೆ ದಾರಿ ಇದೆಯಾ? ಇದೆ," ಎಂದರು ಅವರು, ಎಂದಿನಂತೆ, ಆದರೆ ದನಿ ಎಂದಿನದಾಗಿರಲಿಲ್ಲ. "ಇನ್ನೊಂದು ಹಿಡಿಕಟ್ಟು ಮಾಡ್ತೀನಿ."

ಅಷ್ಟರಲ್ಲಿ ವೆಲ್ಟಾ ಬಿಸಿ ತಟ್ಟೆ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದರು. "ನನಗೊಂದು ಹೇಳು ಗುನಾರ್. ಅಷ್ಟು ವರ್ಷ ಜನರ ಹಲ್ಲು ಕೊರೆದೆಯಲ್ಲ, ಹಲ್ಲು ಹಾಳಾಗ್ಲಿ ಅಂತ ಕೊರೆದೆಯಾ? ಇನ್ನೊಂದಷ್ಟು ಕಾಲ ಅದು ಬಾಯಲ್ಲಿ ಉಳೀಲಿ, ಅಗೀಲಿ ಅಂತ ತಾನೆ?"

ಡಾಕ್ಟರರು ತಟ್ಟೆಯಿಂದ ಒಂದು ಪೀರಾಗಿಯನ್ನು ಎತ್ತಿಕೊಂಡು, ನಿಂತಲ್ಲೇ ಅದನ್ನು ಪೂರ್ತಿ ತಿಂದು ಮುಗಿಸಿದರು. ಆಮೇಲೆ ಒಳಗೆ ಹೋಗಿ, ಮೊಣಕೈಯವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದರು. ಗ್ರೀಸಿನ ಕೆಲಸಕ್ಕೆ ಮೊದಲು ಕೈ ತೊಳೆಯುವವರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ; ಆದರೂ ಯಾರೂ ನಗಲಿಲ್ಲ. ಟ್ರೆವೊರೋ ಕೂಡ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಬೈರಿಗೆಗೆ ಬಳೆಯಾಕಾರದ ಗರಗಸ ಸಿಕ್ಕಿಸಿ, ಅದನ್ನು ಗಾಡಿಯ ನೆಲಕ್ಕೆ ತಾಗಿಸುವ ಮುನ್ನ ಅವರು ಮೆಲ್ಲಗೆ, "ನೋವಾಗಲ್ಲ" ಎಂದರು. ಅದನ್ನು ನನಗೆ ಹೇಳಿದರೋ, ಗಾಡಿಗೋ, ತಮಗೇ ಹೇಳಿಕೊಂಡರೋ, ನಾನು ಇಂದಿಗೂ ಕೇಳಿಲ್ಲ. ಸದ್ದು ಬಹಳ ಹೊತ್ತು ಇರಲಿಲ್ಲ. ಮುಗಿದ ಮೇಲೆ ಕೆಳಗೆ ಬಿದ್ದ, ನಾಣ್ಯದಗಲದ ತಗಡಿನ ಬಿಲ್ಲೆಯನ್ನು ಆಯ್ದು, ಅಂಚನ್ನು ಅರದಿಂದ ಉಜ್ಜಿ, ಒರೆಸಿ, ಹೆಂಡತಿಯ ಕಡೆ ನೋಡಿದರು. ವೆಲ್ಟಾ ಒಳಗಿನಿಂದ ದಿಂಬಿನ ಗೌಸು ತಂದುಕೊಟ್ಟರು. ಹಳೆಯದಲ್ಲ, ಅಂಚಿಗೆಲ್ಲ ಕಸೂತಿಯಿದ್ದ ಹೊಸದು. "ಇದೂ ಮೂಲಭಾಗ ತಾನೆ? ಹೌದು" ಎಂದು ಡಾಕ್ಟರರು ಬಿಲ್ಲೆಯನ್ನು ಅದರಲ್ಲಿ ಸುತ್ತಿ, ನನ್ನ ಗಾಡಿಯ ಜೊತೆಗೇ ಅಲ್ಲಿಗೆ ಬಂದಿದ್ದ ಸೇಬಿನ ಪೆಟ್ಟಿಗೆಯಲ್ಲಿಟ್ಟರು.

ಎಂಜಿನಿಯರರು ನೋಡಿ ಒಪ್ಪಿಗೆ ಕೊಟ್ಟರು, ಲೈಸೆನ್ಸಿನವರೂ ಕೊಟ್ಟರು. ಅದರ ಮುಂದಿನ ಭಾನುವಾರ ಡಾಕ್ಟರರು ಬೆಳಗಾಗುತ್ತಲೇ ನನ್ನ ಮನೆಯ ಮುಂದೆ ನಿಂತಿದ್ದರು. ಗಾಡಿಯನ್ನು ಯಾರೂ ಮಾರಿಲ್ಲ, ಕೊಂಡಿಲ್ಲ ಎಂದೆ. "ಇದು ಈಗ ಬೇರೆ ಗಾಡಿ" ಎಂದವರೇ ಪಕ್ಕಕ್ಕೆ ಕುಳಿತು, ತಲೆ ತಗ್ಗಿಸಿ, ಕಾಲುಗಳನ್ನು ಒಳಗೆಳೆದುಕೊಂಡು ಬಾಯಿ ಮುಚ್ಚಿದರು. ಬೆಟ್ಟದ ತಿರುವುಗಳು ಒಂದೊಂದಾಗಿ ಬಂದವು. ಕೆಲವನ್ನು ಕೆಡಿಸಿದೆ, ಹಲವನ್ನು ಚೆನ್ನಾಗಿಯೇ ದಾಟಿದೆ. ಈ ಸಲ ಅವರು ಕಣ್ಣು ಮುಚ್ಚಿರಲಿಲ್ಲ. ನನ್ನ ಎಡಗೈಯನ್ನೇ ನೋಡುತ್ತಿದ್ದರು.

ಬೇಕರಿಯ ಮುಂದೆ ಎಂಜಿನ್ ಆರಿಸಿದೆ.

"ಹೇಗಿದೆ?" ಎಂದರು.

ಉತ್ತರವನ್ನು ತಾವೇ ಹೇಳಿಕೊಳ್ಳದೆ, ನನ್ನ ಮುಖ ನೋಡುತ್ತ ಕಾದರು. ಇಷ್ಟು ವರ್ಷಗಳಲ್ಲಿ ಅವರು ನನ್ನ ಉತ್ತರಕ್ಕಾಗಿ ಕಾದದ್ದು ಅದೇ ಮೊದಲು. ತಲೆಯಾಡಿಸಿದೆ, ಅಷ್ಟು ಸಾಕಾಯಿತು.

ಗಾಡಿ ಸಾಕುವವರನ್ನು ಕಂಡರೆ ಲೋಕಕ್ಕೆ ಒಂದು ನಗೆಯುಂಟು. ತಗಡನ್ನು ಮುದ್ದು ಮಾಡುವವರಿಗೆ ಮನುಷ್ಯರು ಕಾಣಿಸುವುದಿಲ್ಲವೆಂದು ತಿಳಿದವರು ಹೇಳುತ್ತಾರೆ, ಅಂಥವರೂ ನಮ್ಮಲ್ಲಿ ಇಲ್ಲದಿಲ್ಲ. ಆದರೆ ಒಂದು ವಸ್ತುವಿನ ಮೈಯನ್ನು ಅಷ್ಟು ಜೋಪಾನವಾಗಿ ಕಾಯ್ದ ಕೈಗಳಿಗೆ ನೋವೆಂದರೇನೆಂಬುದು ಚೆನ್ನಾಗಿ ಗೊತ್ತಿರುತ್ತದೆ; ಅಂಥವರು ತಮ್ಮ ನೇಮವನ್ನು ಮುರಿಯುವುದು ಅಪರೂಪ, ಮುರಿದಾಗ ಅದರ ಚೂರನ್ನೂ ಎಸೆಯುವುದಿಲ್ಲ. ನನ್ನ ಹಳದಿ ಗಾಡಿಗೆ ಇನ್ನು ಮೆಲ್ಬರ್ನಿನಲ್ಲಿ ಗಿರಾಕಿಯಿಲ್ಲ. ಮುಂದೊಂದು ದಿನ ಅದನ್ನು ಯಾರಾದರೂ ಕೊಂಡರೆ, ಪೆಟ್ಟಿಗೆಯಲ್ಲಿರುವುದನ್ನೆಲ್ಲ ಅವರಿಗೇ ಒಪ್ಪಿಸುತ್ತೇನೆ. ಕಸೂತಿಯ ಗೌಸಿನಲ್ಲಿರುವ ಆ ಬಿಲ್ಲೆಯೊಂದನ್ನು ಮಾತ್ರ ಕೊಡಲಾರೆ.