ರಂಪಣಿಗೆ ಸಿಕ್ಕಿದ ಚೈತಾಲಿ

ಸೂರ್ಯನಿಗೆ ಸಿಟ್ಟು ಬಂದ ಆ ದಿನ ಬೆಳಿಗ್ಗೆಯೇ ಆಕಾಶ ಕುಂಕುಮದ ನೀರು ಚೆಲ್ಲಿದಂತಾಯಿತು. ಸೂರ್ಯನಿಂದ ಎದ್ದ ಕಣ್ಣಿಗೆ ಕಾಣದ ಸೌರ ಬಿರುಗಾಳಿ ಮಣಿಪಾಲದಿಂದ ಕಾರ್ಕಳದವರೆಗೆ ಕರೆಂಟು, ಮೊಬೈಲು, ಬಸ್ಸು, ಬೋಟಿನ ಇಂಜಿನು ಎಲ್ಲವನ್ನೂ ಒಂದೇ ಉಸಿರಿಗೆ ಮಲಗಿಸಿತು. ಕಾಪುವಿನ ಕಡಲತೀರದಲ್ಲಿ ನಿಂತಿದ್ದ ಕಾವ್ಯಳಿಗೆ ಅದಾವುದರ ಚಿಂತೆಯೂ ಇರಲಿಲ್ಲ. ಅಲೆಗಳ ಮೇಲೆ ಕುಣಿಯುತ್ತಿದ್ದ ಗಾಜಿನ ಗೋಳದೊಳಗೆ ಅವಳ ಜೀವದ ಗೆಳತಿ ಚೈತಾಲಿ ಸಿಕ್ಕಿಬಿದ್ದಿದ್ದಳು.

ಕಡಲಲ್ಲೇ ಮನೆ ಮಾಡಬಹುದೇ ಎಂದು ನೋಡಲು ಚೈತಾಲಿಯೇ ಗೆಳೆಯರೊಡನೆ ಕಟ್ಟಿದ ಗೋಳ ಅದು. ಬಾಗಿಲು ತೆರೆಯಲೂ ಗಾಳಿ ಬರಲೂ ಕರೆಂಟೇ ಬೇಕು. ಒಳಗಿನ ಗಾಳಿ ಮಧ್ಯಾಹ್ನ ದಾಟುವುದು ಕಷ್ಟ. ನೀರಲ್ಲೇ ಗಾಜು ಒಡೆದರೆ ಮುಳುಗುತ್ತದೆ. ದಡಕ್ಕೆ ತಂದೇ ಒಡೆಯಬೇಕು.

ಗೆಳತಿಯರಿಬ್ಬರೂ ಚಿಕ್ಕಂದಿನಲ್ಲಿ ತಲೆಗೆ ತಲೆ ತಾಗಿಸಿ ನೋಡುತ್ತಿದ್ದ ಜಪಾನಿನ ಅನಿಮೆ ಕಾರ್ಟೂನುಗಳಲ್ಲಿ, ಲೋಕ ಮುಳುಗಿದರೆ ಮಕ್ಕಳು ಕಬ್ಬಿಣದ ರಾಕ್ಷಸರ ಹೆಗಲೇರಿ ಹಾರುತ್ತಿದ್ದರು. ಕಾಪುವಿನ ಮಕ್ಕಳು ಕಾವ್ಯಳ ಅಜ್ಜಿ ಸುಂದರಿಯ ಶೆಡ್ಡಿಗೆ ಓಡಿದರು. ಅಲ್ಲಿ ರಂಪಣಿ ಬಲೆ ಇತ್ತು. ದೋಣಿಯಲ್ಲಿ ಹುಟ್ಟು ಹಾಕುತ್ತಾ ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಕೈಯಲ್ಲೇ ಎಳೆಯುವ ಬಲೆ.

ಕಾವ್ಯಳೂ ಅವಳ ಮಾವನ ಮಗ ಲಕ್ಷಿತನೂ ಗೋಳವನ್ನು ಸುತ್ತಿ ಬಲೆ ಬಿಟ್ಟು ಬಂದರು. ಕಾಲೇಜು ನಿಂತು ಸುಮ್ಮನಿದ್ದ ಹುಡುಗ ಹುಡುಗಿಯರೆಲ್ಲ ಹಗ್ಗ ಹಿಡಿದರು. ಗೋಳ ಬಂತು, ಹತ್ತಿರ ಬಂತು. ಆಗ ಬಲೆಯೊಳಗೆ ರಾಶಿ ರಾಶಿ ಬೂತಾಯಿ ಮಿಂಚಿತು. ಮೀನು ಕಂಡರೆ ಹಗ್ಗ ಬಿಟ್ಟು ಬುಟ್ಟಿಗೆ ಓಡುವುದು ಆ ಊರಿನ ಕೈಗಳಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಅರ್ಧ ಜನ ಓಡಿಯೇಬಿಟ್ಟರು. ಗೋಳ ಹಿಂದಕ್ಕೆ ಜಾರಿತು. ಅವರನ್ನು ಬೈದು ಕರೆದು ತಂದರೂ ಮೀನಿನ ಭಾರಕ್ಕೆ ಬಲೆ ಕದಲಲಿಲ್ಲ. ಗಾಜಿನೊಳಗೆ ಚೈತಾಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

ಲಕ್ಷಿತ್ ಕತ್ತಿ ಹಿಡಿದು ಅಜ್ಜಿಯ ಮುಖ ನೋಡಿದ. ಆ ಬಲೆಯನ್ನು ಮಗುವಿನಂತೆ ಸಾಕಿದವಳು ಅವಳು.

"ನನ್ನ ಮುಖ ಎಂತ ನೋಡುವುದು? ಕೊಯ್ಯಿ. ಬಲೆ ಮತ್ತೆ ಹೊಲಿಯುವ."

ಮೀನು ಹೋಗುವಷ್ಟು, ಗೋಳ ಹೋಗದಷ್ಟು ಕೊಯ್ದ. ಮೀನಿನ ಬೆಳ್ಳಿ ಕಡಲಿಗೆ ಸುರಿಯಿತು, ಹಗ್ಗ ಹಗುರವಾಯಿತು. ಗೋಳ ಮರಳಿಗೆ ಉರುಳಿದ್ದೇ ತಡ, ಲಂಗರಿನ ಕಬ್ಬಿಣದಿಂದ ಗಾಜು ಒಡೆದರು. ಚೈತಾಲಿ ಕೆಮ್ಮಿದಳು, ಗಾಳಿ ಎಳೆದುಕೊಂಡಳು, ಸುತ್ತ ನೋಡಿದಳು.

"ಅಷ್ಟೂ ಬೂತಾಯಿ ಬಿಟ್ಟಿರಾ? ನನ್ನ ಸುತ್ತ ಎಷ್ಟು ಚಂದ ಕುಣಿಯುತ್ತಿದ್ದವು."

ಬಲೆಯಲ್ಲಿ ಉಳಿದ ಮೀನನ್ನು ಅಜ್ಜಿ ಮರಳಿನ ಮೇಲೆ ಪಾಲು ಹಾಕತೊಡಗಿದಳು, ಹಗ್ಗ ಮುಟ್ಟಿದವರಿಗೆಲ್ಲ ಒಂದೊಂದು. ಚೈತಾಲಿಗೂ ಒಂದು ಇಟ್ಟಾಗ ಲಕ್ಷಿತ್ ತಕರಾರು ತೆಗೆದ, ಅವಳು ಎಳೆಯಲೇ ಇಲ್ಲವಲ್ಲ ಎಂದು.

"ಅವಳು ಒಳಗೆ ಜೀವ ಎಳೆದು ಹಿಡಿದಳಲ್ಲ, ಅದು ಸಾಲದಾ ನಿನಗೆ?" ಎಂದಳು ಅಜ್ಜಿ.

ಪಾಲು ಎತ್ತಿಕೊಳ್ಳಲು ಚೈತಾಲಿಗೆ ಒಂದೇ ಕೈ ಬಿಡುವಿತ್ತು. ಇನ್ನೊಂದನ್ನು ಕಾವ್ಯ ಹಿಡಿದುಕೊಂಡಿದ್ದಳು.

"ಬಿಡು ಮಾರಾಯ್ತಿ, ದಡಕ್ಕೆ ಬಂದಾಯಿತಲ್ಲ."

ಕಾವ್ಯ ಬಿಡಲಿಲ್ಲ.