ಫಕೀರವ್ವ ಹೆಣೆದ ಕುರ್ಚಿ

ನಾನು ಒಂದು ಬೆತ್ತದ ಕುರ್ಚಿ. ಮನುಷ್ಯರು ಒಬ್ಬರನ್ನೊಬ್ಬರು ಮುಖ ನೋಡಿ ಅಳೆಯುತ್ತಾರೆ, ಅದಕ್ಕೇ ಮೋಸ ಹೋಗುತ್ತಾರೆ. ನಾನು ಅಳೆಯುವುದು ಕೆಳಗಿನಿಂದ. ಮುಖಕ್ಕೆ ನಗು ತಂದುಕೊಳ್ಳಬಹುದು, ಮಾತಿಗೆ ಬೆಣ್ಣೆ ಹಚ್ಚಬಹುದು. ಕೂರುವ ಭಾಗಕ್ಕೆ ನಟನೆ ಬರುವುದಿಲ್ಲ. ಇಷ್ಟು ವರ್ಷ ಒಂದು ತಾಲ್ಲೂಕು ಕಚೇರಿಯಲ್ಲಿದ್ದು ದೊಡ್ಡವರನ್ನು ಕೆಳಗಿನಿಂದ ನೋಡಿದ ಮೇಲೆ ಅವರ ಬಗ್ಗೆ ನನ್ನಲ್ಲಿ ಉಳಿದಿರುವ ಗೌರವ ಎಲೆಗೆ ಸವರುವ ಸುಣ್ಣದಷ್ಟು. ಊರಿನ ಹೆಸರು ಹೇಳುವುದಿಲ್ಲ. ತುಂಗಭದ್ರೆಯ ಆಚೆ ದಂಡೆ ಎಂದಷ್ಟೇ ತಿಳಿದುಕೊಳ್ಳಿ.

ನಾನು ಹುಟ್ಟಿದ್ದು ಜೈಲಿನಲ್ಲಿ. ಇದರಲ್ಲಿ ನನಗೆ ನಾಚಿಕೆಯೇನೂ ಇಲ್ಲ. ಆಗ ಕಚೇರಿಗಳ ಮೇಜು ಕುರ್ಚಿಗಳನ್ನು ಜೈಲಿನ ಬಡಗಿಗಳೇ ಮಾಡಿ ಕೊಡುತ್ತಿದ್ದರು. ಯಾರನ್ನೋ ಕೊಂದು ಬಂದ ಕೈದಿಯೊಬ್ಬ ಸಾಗುವಾನಿಯಲ್ಲಿ ನನ್ನ ನಾಲ್ಕು ಕಾಲುಗಳನ್ನು ಮಾಡಿದ. ಇವತ್ತಿಗೂ ಒಂದು ಕಾಲು ಅಲ್ಲಾಡುವುದಿಲ್ಲ. ಮುಂದೆ ನನ್ನ ಮೇಲೆ ಕೂತ ಮರ್ಯಾದಸ್ಥರು ಯಾರನ್ನೂ ಕೊಂದವರಲ್ಲ. ಆದರೆ ಅವರಲ್ಲಿ ಒಬ್ಬರೂ ಅಷ್ಟು ನೇರವಾಗಿ ಒಂದು ಕೆಲಸ ಮಾಡಿದ್ದನ್ನು ನಾನು ನೋಡಲಿಲ್ಲ.

ಜೈಲಿನಿಂದ ಹೊರಟಾಗ ನನಗೆ ಕೂರುವ ಜಾಗವೇ ಇರಲಿಲ್ಲ. ಚೌಕಟ್ಟಿನ ಸುತ್ತ ಸಾಲು ತೂತುಗಳು, ನಡುವೆ ಬರೀ ಗಾಳಿ. ಬೆತ್ತ ಹೆಣೆಸಲು ನನ್ನನ್ನು ಅಂಧರ ತರಬೇತಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಕಲಿಸುತ್ತಿದ್ದವರು ಇಮಾಮಸಾಬ ಮಾಸ್ತರರು. ಅವರಿಗೂ ಕಣ್ಣು ಕಾಣಿಸುತ್ತಿರಲಿಲ್ಲ. ಕಲಿಯಲು ಬಂದವರಿಗೆ ಸರ್ಕಾರ ತಿಂಗಳಿಗಿಷ್ಟು ಎಂದು ಚೂರು ಹಣ ಕೊಡುತ್ತಿತ್ತು. ಅದರ ಹೆಸರು ಶಿಷ್ಯವೇತನ. ಈ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಒಬ್ಬಳ ಕುತ್ತಿಗೆಗೆ ಬಂತು.

ಆ ಒಬ್ಬಳೇ ಫಕೀರವ್ವ. ಹುಟ್ಟುಕುರುಡಿ, ಆಗಿನ್ನೂ ಹರೆಯದ ಹುಡುಗಿ. ಅವಳು ಪೂರ್ತಿಯಾಗಿ ಹೆಣೆದ ಮೊದಲ ಕುರ್ಚಿ ನಾನು. ನೀರಿನಲ್ಲಿ ನೆನೆದ ಬೆತ್ತದ ಎಳೆಯನ್ನು ಒಂದು ತೂತಿನಿಂದ ಎಳೆದು, ಎದುರಿನ ತೂತಿಗೆ ಪೋಣಿಸಿ, ಅಡ್ಡ, ಉದ್ದ, ಓರೆ ಎಂದು ಬಾಯಲ್ಲೇ ಹೇಳಿಕೊಳ್ಳುತ್ತ ಹೆಣೆದಳು. ಕೊನೆಗೆ ಹಿಂಬದಿಯ ಎಡಮೂಲೆಯಲ್ಲಿ ಎಡವಟ್ಟಾಯಿತು. ಒಂದೇ ತೂತಿಗೆ ಎರಡು ಎಳೆ ತುರುಕಿಬಿಟ್ಟಿದ್ದಳು. ಮಾಸ್ತರರು ಬೆರಳಾಡಿಸಿ ನಕ್ಕರು.

"ಇರಲಿ ಬಿಡವಾ. ನಾಳೆ ಎಲ್ಲೆರ ಸಿಕ್ಕರ ನಿನ್ನ ಕುರ್ಚಿ ನಿನಗ ಗುರ್ತು ಹತ್ತಬೇಕಲ್ಲ."

ಆ ಕೇಂದ್ರದಲ್ಲಿ ಪರೀಕ್ಷೆ ನಡೆಯುತ್ತಿದ್ದ ರೀತಿಯನ್ನು ಹೇಳಿಬಿಡಬೇಕು. ಶಿಷ್ಯರ ಕುರ್ಚಿ ಮುಗಿದ ದಿನ ಮಾಸ್ತರರು ಮಧ್ಯಾಹ್ನದ ರೊಟ್ಟಿ ಉಂಡು ಬಂದು ಅದರ ಮೇಲೆ ಕೂರುತ್ತಿದ್ದರು. ಎಲ್ಲಾದರೂ ಚುಚ್ಚಿದರೆ, ಒಂದು ಕಡೆ ಜಗ್ಗಿದರೆ, ಎದ್ದು ಬಿಚ್ಚಲು ಹೇಳುತ್ತಿದ್ದರು. ಕೂತಲ್ಲೇ ನಿದ್ದೆ ಹತ್ತಿದರೆ ಶಿಷ್ಯ ಪಾಸು, ಅವನ ತರಬೇತಿ ಮುಗಿದಂತೆ. ಫಕೀರವ್ವ ಅಂದು ಉಸಿರು ಬಿಗಿಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಮಾಸ್ತರರ ಗೊರಕೆ ಕೇಳಿತು. ಆ ಹುಡುಗಿ ಸದ್ದಾಗದಂತೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನನ್ನ ಜೀವಮಾನದಲ್ಲಿ ನಾನು ಕಂಡ ಪ್ರಾಮಾಣಿಕ ಪರೀಕ್ಷೆ ಅದೊಂದೇ.

ಅಲ್ಲಿಂದ ನಾನು ತಾಲ್ಲೂಕು ಕಚೇರಿಗೆ ಬಂದೆ. ಮಾಸಾಶನದ ಅರ್ಜಿಗಳನ್ನು ನೋಡುವ ಮೇಜು ನನ್ನ ಪಾಲಿಗೆ ಬಂತು. ಮೊದಲು ಕೂತವರು ಒಬ್ಬ ಹಿರಿಯ ಗುಮಾಸ್ತರು. ಅವರು ಚಕ್ಕಳಮಕ್ಕಳ ಹಾಕಿ ಕೂತು ದಿನವಿಡೀ ಹಲ್ಲಿನ ಸಂದಿ ಕೆದಕುತ್ತಿದ್ದರು. ಅವರ ನಂತರ ಬಂದವನು ಯಾವಾಗಲೂ ನನ್ನ ತುದಿಯಲ್ಲೇ ಕೂರುತ್ತಿದ್ದ, ಯಾರಾದರೂ ಹೊರಗೆ ಕರೆದು ಚಹಾ ಕುಡಿಸುತ್ತಾರೇನೋ ಎಂದು. ಆಮೇಲೆ ಬಂದವನು ಕುಬೇರಪ್ಪ. ಹೆಸರಿಗೆ ಕುಬೇರ, ಆದರೆ ಅವನ ಮೇಜಿನಿಂದ ಕಾಸು ದಾಟಬೇಕಾದರೆ ಅವನ ಪ್ರಾಣ ಹೋದಂತಾಗುತ್ತಿತ್ತು. ನನ್ನ ಬೆನ್ನಿಗೆ ಟವೆಲ್ ಹಾಕಿದ, ಕಾಲ ಕೆಳಗೆ ಚಪ್ಪಲಿ ಬಿಟ್ಟ, ಊಟದ ಡಬ್ಬಿ ಖಾಲಿಯಾದ ಮೇಲೆ ಕತ್ತು ಹಿಂದಕ್ಕೆ ಚೆಲ್ಲಿ ಗೊರಕೆ ಹೊಡೆದ. ಹೀಗೇ ದಿನವೂ. ಮೊಮ್ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ ಅಜ್ಜಿಯರು ಬಾಗಿಲಲ್ಲಿ ನಿಂತು ಅವನ ಗೊರಕೆ ಮುಗಿಯುವುದನ್ನು ಕಾಯುತ್ತಿದ್ದರು.

ಈ ನಡುವೆ ಇಮಾಮಸಾಬ ಮಾಸ್ತರರು ತೀರಿಕೊಂಡು ತರಬೇತಿ ಕೇಂದ್ರಕ್ಕೆ ಬೀಗ ಬಿದ್ದಿತ್ತು. ಮುಚ್ಚುವ ಗಡಿಬಿಡಿಯಲ್ಲಿ ಶಿಷ್ಯರಿಗೆ ಒಂದು ಪ್ರಮಾಣಪತ್ರ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಲ್ಲಿನ ಕಾಗದಗಳು ಗಂಟು ಕಟ್ಟಿಸಿಕೊಂಡು ನಮ್ಮ ಕಚೇರಿಗೆ ಬಂದವು. ಕಂಪ್ಯೂಟರ್ ಬಂದ ಕಾಲಕ್ಕೆ ಕುಬೇರಪ್ಪ ಆ ಗಂಟು ಬಿಚ್ಚಿ, ಯಾರು ಇದ್ದಾರೆ, ಯಾರು ಸತ್ತಿದ್ದಾರೆ ಎಂದು ಒಂದು ಮಾತೂ ವಿಚಾರಿಸದೆ, ಇದ್ದಬದ್ದ ಹೆಸರುಗಳನ್ನೆಲ್ಲ ಏರಿಸಿಬಿಟ್ಟ. ಎಲ್ಲರ ಮುಂದೆಯೂ ಒಂದೇ ಷರಾ: ತರಬೇತಿಯಲ್ಲಿದ್ದಾರೆ, ಶಿಷ್ಯವೇತನ ಪಡೆಯುತ್ತಿದ್ದಾರೆ. ಅಂದೂ ಊಟವಾದ ಮೇಲೆ ಮಲಗಿದ.

ವರ್ಷಗಳು ಕಳೆದು ಒಂದು ದಿನ ನನ್ನ ಮೇಜಿನ ಮುಂದೆ ಕೋಲು ತಟ್ಟುವ ಸದ್ದಾಯಿತು. ಬಂದವಳು ಫಕೀರವ್ವ. ಕೂದಲು ಅರ್ಧ ನರೆತಿತ್ತು. ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದ್ದಳು, ಏನಾಯಿತೆಂದು ಕೇಳಲು ಬಂದಿದ್ದಳು. ನನಗೆ ಅವಳ ಗುರುತು ಹತ್ತಿತು, ಅವಳಿಗೆ ನನ್ನದು ಹತ್ತಲಿಲ್ಲ. ನನ್ನ ಮೇಲೆ ಕುಬೇರಪ್ಪ ಹರಡಿಕೊಂಡಿದ್ದ.

"ಏನವಾ, ನೀ ಇನ್ನೂ ತರಬೇತಿಯಾಗ ಅದೀಯಲ್ಲ. ಶಿಷ್ಯವೇತನ ಬರಾಕತ್ತೈತಿ ಅಂತ ಇಲ್ಲಿ ತೋರಸ್ತೈತಿ. ಎರಡೂ ಕಡೆ ಸರ್ಕಾರದ ರೊಕ್ಕ ತಿನ್ನಾಕ ಬರೂದಿಲ್ಲ. ಅರ್ಜಿ ವಜಾ ಆಗೇತಿ."

"ಸಾಹೇಬ್ರ, ಆ ಕೇಂದ್ರಕ್ಕ ಬೀಗ ಬಿದ್ದು ಎಷ್ಟೋ ವರ್ಷ ಆತ್ರಿ. ಈಗ ಅಲ್ಲಿ ಆಡು ಕಟ್ಟತಾರ."

"ಆಡು ಕಟ್ಟಲಿ, ಆನಿ ಕಟ್ಟಲಿ. ತರಬೇತಿ ಮುಗೀತು ಅಂತ ಪ್ರಮಾಣಪತ್ರ ತಾ."

"ಕೊಡವ್ರು ಯಾರ್ರಿ? ಮಾಸ್ತರು ಮಣ್ಣಾಗ ಮಲಗ್ಯಾರ."

"ಅದು ನಿನ್ನ ಹಣೇಬರಹ. ಕಂಪ್ಯೂಟರ್ ಒಪ್ಪೂದಿಲ್ಲ."

ಕಂಪ್ಯೂಟರಿಗೆ ಆ ಸುಳ್ಳನ್ನು ಹೇಳಿಕೊಟ್ಟವನು ತಾನೇ ಎಂಬುದು ಅವನಿಗೆ ನೆನಪೇ ಇರಲಿಲ್ಲ. ನೆನಪಿದ್ದರೂ ಅವನೇನೂ ಬೆವರುತ್ತಿರಲಿಲ್ಲ. ಒಂದು ತಪ್ಪನ್ನು ತಿದ್ದಲು ಬೇಕಾದದ್ದು ಎರಡು ಬೆರಳಿನ ಕೆಲಸ. ಆ ಎರಡು ಬೆರಳು ಅಡಿಕೆ ಎಲೆಗೆ ಮೀಸಲಾಗಿದ್ದವು.

ಫಕೀರವ್ವ ಬಾಗಿಲಾಚೆ ಹೋಗಿ ಗೋಡೆಗೆ ಒರಗಿ ನಿಂತಳು. ಅಲ್ಲಿ ಜವಾನ ಸಂಕಪ್ಪನಿದ್ದ. ನೋಡಲು ಸೋಮಾರಿ, ಆದರೆ ಕಚೇರಿಯಲ್ಲಿ ಕಿವಿ ಇದ್ದ ಪ್ರಾಣಿ ಅವನೊಬ್ಬನೇ. ಅವಳು ಅವನ ಮುಂದೆ ಹೇಳಿಕೊಂಡಳು. ಇಷ್ಟು ದಿನ ಶಾಲೆ, ಕೋರ್ಟುಗಳ ಕುರ್ಚಿ ಹೆಣೆದು ಬದುಕಿದ್ದಾಳೆ. ಈಗ ಎಲ್ಲರೂ ಪ್ಲಾಸ್ಟಿಕ್ ಕುರ್ಚಿ ತಂದಿದ್ದಾರೆ, ಕೆಲಸವಿಲ್ಲ.

"ತಮ್ಮನ ಮನ್ಯಾಗ ಅದೀನಿ ಸಂಕಪ್ಪಣ್ಣ. ಮಾಸಾಶನ ಬಂದ್ರ ಇರು, ಇಲ್ಲಂದ್ರ ದೊಡ್ಡೂರಿನ ಆಶ್ರಮಕ್ಕ ಬಿಟ್ಟ ಬರ್ತೀನಿ ಅಂದಾನ. ಈ ಊರಾಗ ಎಲ್ಲಿ ಗಟಾರ ಐತಿ, ಎಲ್ಲಿ ನಾಯಿ ಮಲಗತಾವ, ಎಲ್ಲಾ ನನ್ನ ಕಾಲಿಗೆ ಗೊತ್ತೈತಿ. ಅಲ್ಲಿ ಹೋದ್ರ ನಾ ಖರೇನ ಕುರುಡಿ ಆಗತೀನಿ."

"ಮೇಲ್ಮನವಿ ಹಾಕು ತಂಗಿ," ಎಂದ ಸಂಕಪ್ಪ. "ಎ.ಸಿ. ಮೇಡಂ ಇಲ್ಲಿಗೇ ಬಂದು ಕೇಳತಾರ. ಬರಿಯೂದು ನಾ ಬರಸ್ತೀನಿ."

ಮೇಲ್ಮನವಿ ಹೋಯಿತು. ವಿಚಾರಣೆ ಯಾವತ್ತು ಎಂದು ಕೇಳಲು ಅವಳು ಮತ್ತೆ ಬಂದಾಗ ಮಧ್ಯಾಹ್ನ. ಕುಬೇರಪ್ಪ ಎಂದಿನಂತೆ ಕತ್ತು ಚೆಲ್ಲಿದ್ದ. ಸಾಹೇಬರು ವಿಶ್ರಾಂತಿಯಲ್ಲಿದ್ದಾರೆ ಎಂದು ಸಂಕಪ್ಪ ಪಿಸುಗುಟ್ಟಿದ. ಕಾಯುತ್ತ ನಿಂತ ಫಕೀರವ್ವ ಆಸರೆಗೆಂದು ಕೈ ಚಾಚಿದಳು, ಕೈಗೆ ನನ್ನ ಚೌಕಟ್ಟು ಸಿಕ್ಕಿತು. ರೂಢಿಯಂತೆ ಬೆರಳುಗಳು ಅಂಚಿಗುಂಟ ಹೋದವು. ಹಿಂಬದಿಯ ಎಡಮೂಲೆಗೆ ಬಂದು ನಿಂತವು. ಒಂದು ತೂತು, ಎರಡು ಎಳೆ. ಅವಳು ಆ ತೂತನ್ನು ಮತ್ತೆ ಮತ್ತೆ ಮುಟ್ಟಿದಳು. ಮೇಲೆ ಕುಬೇರಪ್ಪನ ಗೊರಕೆ ಏರಿಳಿಯುತ್ತಿತ್ತು.

"ದಿನಾ ಹಿಂಗ ಮಲಗತಾರೇನು?" ಎಂದು ಕೇಳಿದಳು.

"ಒಂದ ದಿನಾ ತಪ್ಪಿಸಿಲ್ಲ," ಎಂದ ಸಂಕಪ್ಪ.

ಅವಳಿಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡಳು, ಹಿಂದೆ ಒಮ್ಮೆ ಅಳುವಾಗ ಇಟ್ಟುಕೊಂಡಂತೆ.

ವಿಚಾರಣೆಯ ದಿನ ಉಪವಿಭಾಗಾಧಿಕಾರಿ ಮೇಡಂ ಬಂದಿದ್ದು ಹೊತ್ತೇರಿದ ಮೇಲೆ. ಬಂದವರಿಗೆ ಮೊದಲು ಹೋಳಿಗೆ ಊಟ. ಕಾಯುತ್ತಿದ್ದವರಿಗೆ ಗೋಡೆಯೇ ಊಟ. ದೊಡ್ಡ ಅಧಿಕಾರಿ ಬಂದರೆ ಕಚೇರಿಯ ಗಟ್ಟಿ ಕುರ್ಚಿಯನ್ನು ಅವರಿಗೆ ಬಿಟ್ಟುಕೊಡುವುದು ಪದ್ಧತಿ, ಹಾಗಾಗಿ ಟವೆಲ್ ಬದಲಿಸಿ ನನ್ನನ್ನು ಫ್ಯಾನಿನ ಕೆಳಗೆ ಇಟ್ಟರು. ಇದನ್ನು ಸಂಕಪ್ಪ ಫಕೀರವ್ವನ ಕಿವಿಗೆ ಹಾಕಿದ. ಮೇಡಂ ಮೈಸೂರು ಕಡೆಯವರು. ಅವರದು ಹಗುರ ತೂಕ, ಅವಸರದ ಕೂರುವಿಕೆ. ಇವರೂ ಅಷ್ಟೇ ಎಂದುಕೊಂಡೆ.

"ತರಬೇತಿ ಮುಗಿದಿದೆ ಅಂತೀರಿ. ಸಾಕ್ಷಿ ಏನಮ್ಮ?"

"ಮಾಸ್ತರು ನಿದ್ದಿ ಹೋದ್ರು ರೀ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಫಕೀರವ್ವ ಅಳುಕದೆ ಮಾಸ್ತರರ ಪರೀಕ್ಷೆಯ ರೀತಿಯನ್ನು ಹೇಳಿದಳು. ಆಮೇಲೆ ಕೈ ತೋರಿಸಿದಳು. "ಆ ಕುರ್ಚಿ ಮ್ಯಾಲ ನೀವ ಕುಂತೀರಿ, ಮೇಡಂ. ನಮ್ಮ ಕುಬೇರಪ್ಪ ಸಾಹೇಬ್ರು ಅದರ ಮ್ಯಾಲ ದಿನಾ ಮಲಗಿ ನನ್ನ ಪಾಸ್ ಮಾಡ್ಯಾರ. ಕಾಗದದಾಗ ಮಾತ್ರ ನಪಾಸ್ ಮಾಡ್ಯಾರ."

ಈಗ ಬಾಗಿಲಲ್ಲಿದ್ದ ಅಜ್ಜಿಯರೂ ನಕ್ಕರು. ಮೇಡಂ ಕುಬೇರಪ್ಪನ ಕಡೆ ತಿರುಗಿದರು. "ಕಚೇರಿ ಹೊತ್ತಲ್ಲಿ ಮಲಗ್ತೀರೇನ್ರೀ?"

ಕುಬೇರಪ್ಪ ಎದ್ದು ನಿಂತು ಕೈ ಹೊಸೆದ. "ಶಿವಶಿವಾ, ಇಲ್ರಿ ಮೇಡಂ. ಅದರ ಮ್ಯಾಲ ಯಾರಿಗೂ ನಿದ್ದಿ ಬರೂದ ಸಾಧ್ಯ ಇಲ್ರಿ. ಹೆಣಿಕಿ ಸರಿ ಇಲ್ಲ, ಬೆತ್ತ ಚುಚ್ಚತೈತಿ."

ಅರ್ಜಿ ವಜಾ ಆಯಿತೆಂದಾಗ ಫಕೀರವ್ವನ ಮುಖ ಬಾಡಿತ್ತು, ಅಷ್ಟೇ. ಈ ಮಾತಿಗೆ ಅದು ಕೆಂಪಾಯಿತು. ಕೋಲಿನ ಮೇಲೆ ಎರಡೂ ಕೈ ಬಿಗಿಯಾದವು. ನನಗಂತೂ ಹೇಸಿಗೆ ಬಂತು. ಹೊಟ್ಟೆಪಾಡಿಗೆ ಸುಳ್ಳು ಹೇಳುವವರನ್ನು ಕಂಡಿದ್ದೇನೆ. ಆದರೆ ತನ್ನ ಬೆನ್ನಿಗೆ ಇಷ್ಟು ವರ್ಷ ಸುಖ ಕೊಟ್ಟ ಕೈಯನ್ನೇ ಜರಿದವನು ಇವನೊಬ್ಬನೇ.

"ನಿದ್ದೆಯನ್ನೆಲ್ಲ ಸಾಕ್ಷಿ ಅಂತ ಬರೆಯೋಕಾಗಲ್ಲಮ್ಮ," ಎಂದರು ಮೇಡಂ. "ನಿಮ್ಮ ವರದಿ ಓದಿ, ಕುಬೇರಪ್ಪ."

ಕುಬೇರಪ್ಪ ಓದತೊಡಗಿದ. ಸದರಿ ಅರ್ಜಿದಾರರು, ಸದರಿ ಕೇಂದ್ರದಲ್ಲಿ, ಸದರಿ ಶಿಷ್ಯವೇತನವನ್ನು, ಮೇಲ್ಕಂಡಂತೆ, ಈ ಹಿಂದೆ ತಿಳಿಸಿದಂತೆ. ಸಗಣಿ ನೀರು ಚಿಮುಕಿಸಿದ ಹಾಗೆ ಓದಿದ. ಮೇಲೆ ಫ್ಯಾನು, ಒಳಗೆ ಹೋಳಿಗೆ, ಕೆಳಗೆ ನಾನು. ನಾನು ಬೇಕೆಂದು ಏನೂ ಮಾಡಲಿಲ್ಲ, ಕುರ್ಚಿ ಮಾಡುವ ಕೆಲಸವನ್ನಷ್ಟೇ ಮಾಡಿದೆ. ಮೇಡಂ ಒಮ್ಮೆ ಹಿಂದಕ್ಕೆ ಒರಗಿದರು. ಅವರ ತೂಕ ನಿಧಾನಕ್ಕೆ ನನ್ನ ಮೇಲೆ ಇಳಿಯಿತು. ತಲೆ ಟವೆಲ್ಲಿಗೆ ತಗುಲಿತು. ಉಸಿರು ಭಾರವಾಯಿತು.

ಕುಬೇರಪ್ಪ ಓದು ನಿಲ್ಲಿಸಿದ. ನಗುತ್ತಿದ್ದವರೂ ಸುಮ್ಮನಾದರು. ಆ ಮೌನದಲ್ಲಿ ಒಂದು ಸಣ್ಣ ಗೊರಕೆ ಎಲ್ಲರಿಗೂ ಕೇಳಿಸಿತು. ಫಕೀರವ್ವ ತಲೆ ಓರೆ ಮಾಡಿ ಆಲಿಸಿದಳು. ಉಸಿರು ಬಿಗಿಹಿಡಿದಿದ್ದಳು, ಆವತ್ತಿನಂತೆಯೇ.

ಸಂಕಪ್ಪ ಬೇಕೆಂದೇ ಒಮ್ಮೆ ಕೆಮ್ಮಿದ. ಮೇಡಂ ದಿಗ್ಗನೆ ನೆಟ್ಟಗಾದರು. ಸುತ್ತ ನೋಡಿದರು, ಯಾರೂ ಕಣ್ಣು ಕೂಡಿಸಲಿಲ್ಲ.

"ಎಲ್ಲಿಗೆ ಬಂದಿತ್ತು?"

"ನನ್ನ ತರಬೇತಿ ಮುಗೀತು ಅನ್ನೂ ತನಕ ಬಂದಿತ್ರಿ, ಮೇಡಂ," ಎಂದಳು ಫಕೀರವ್ವ. "ಈಗ ಮುಗೀತ್ರಿ."

ಮೇಡಂ ಮುಖ ಹೇಗಾಯಿತೋ ನನಗೆ ಕಾಣಿಸಲಿಲ್ಲ. ಯಾರಿಗೂ ನಿದ್ದೆ ಬಾರದ ಕುರ್ಚಿ ಎಂದವನು ಎದುರಿಗೇ ನಿಂತಿದ್ದ. ಅವನನ್ನು ಬೈಯಬೇಕೆಂದರೆ ತಾವು ಮಲಗಿದ್ದನ್ನು ಒಪ್ಪಿಕೊಳ್ಳಬೇಕು. ಪೆನ್ನು ತೆಗೆದರು. ತರಬೇತಿ ಮುಕ್ತಾಯಗೊಂಡಿರುವುದು ವಿಚಾರಣೆ ವೇಳೆ ದೃಢಪಟ್ಟಿದೆ, ಹಳೆಯ ದಾಖಲೆಯನ್ನು ತಿದ್ದಿ ಮಾಸಾಶನ ಮಂಜೂರು ಮಾಡತಕ್ಕದ್ದು ಎಂದು ಬರೆದು, ಓದಿ ಹೇಳಿ, ಸಹಿ ಹಾಕಿದರು. ನ್ಯಾಯ ಕಂಡು ಬರೆದರೋ ಮುಜುಗರಕ್ಕೆ ಬರೆದರೋ ಜನ ವಾದಿಸಬಹುದು. ಬರೆಯುವಾಗ ಅವರು ನನ್ನ ತುದಿಗೆ ಬಂದಿದ್ದರು. ಅಲ್ಲಿಂದ ಓಡಿಹೋಗಬೇಕೆನ್ನುವವರು ಹಾಗೆ ಕೂರುತ್ತಾರೆ.

ಕುಬೇರಪ್ಪ ನನ್ನ ಮೇಲೆ ಸೇಡು ತೀರಿಸಿಕೊಂಡ. ಮುರುಕಲು ಎಂದು ಬರೆದು ನನ್ನನ್ನು ಹೊರಗಿನ ಪಡಸಾಲೆಗೆ ಹಾಕಿಸಿ, ಗರಗರ ತಿರುಗುವ ಹೊಸ ಕುರ್ಚಿ ತರಿಸಿಕೊಂಡ. ಅದರಲ್ಲಿ ಕತ್ತು ಚೆಲ್ಲಿದರೆ ಅದು ತಾನೇ ತಿರುಗಿ ಅವನ ಮುಖವನ್ನು ಬಾಗಿಲಿಗೆ ತೋರಿಸುತ್ತದೆ. ಪಾಪ, ಈಗ ಅವನಿಗೆ ನಿದ್ದೆಯಿಲ್ಲ. ಕೆಲಸವನ್ನಂತೂ ಆಗಲೂ ಮಾಡುತ್ತಿರಲಿಲ್ಲ, ಈಗಲೂ ಮಾಡುವುದಿಲ್ಲ. ನನಗೆ ವಯಸ್ಸಾಗಿದೆ, ಒಂದೆರಡು ಎಳೆ ಕಡಿದಿವೆ. ಈಗ ನನ್ನ ಮೇಲೆ ಕೂರುವವರು ಅರ್ಜಿ ಹಿಡಿದು ಬಂದವರು. ಮೈ ಹಗುರ ಮಾಡಿಕೊಂಡು, ಕುರ್ಚಿಗೆ ನೋವಾದೀತೆಂಬಂತೆ ಕೂರುತ್ತಾರೆ. ಇಂಥವರನ್ನು ಮೊದಲೇ ನನ್ನ ಮೇಲೆ ಕೂರಿಸಿದ್ದರೆ ನನ್ನ ಬಾಯಿ ಇಷ್ಟು ಕಹಿಯಾಗುತ್ತಿರಲಿಲ್ಲ.

ಫಕೀರವ್ವ ತಮ್ಮನ ಮನೆಯಲ್ಲೇ ಇದ್ದಾಳೆ. ಮಾಸಾಶನ ಪಡೆಯುವವರು ವರ್ಷಕ್ಕೊಮ್ಮೆ ಬಂದು ತಾವು ಬದುಕಿದ್ದೇವೆಂದು ತೋರಿಸಿ ಹೋಗಬೇಕು. ಕೊಡುವ ಚೂರಿಗೆ ಎಂಥ ಅನುಮಾನ ನೋಡಿ. ಮೊನ್ನೆ ಅದಕ್ಕೇ ಬಂದಿದ್ದಳು. ಒಳಗೆ ಕುಬೇರಪ್ಪ ಕಾಯಿಸಿದ. ಸಂಕಪ್ಪ ಅವಳ ಕೈ ಹಿಡಿದು ತಂದು ನನ್ನ ಮೇಲೆ ಕೂರಿಸಿದ. ನನ್ನನ್ನು ಹೆಣೆದವಳು ನನ್ನ ಮೇಲೆ ಕೂತದ್ದು ಅದೇ ಮೊದಲು. ಬೆರಳು ಹಿಂದಕ್ಕೆ ಹೋಗಿ ಎಡಮೂಲೆಯ ತೂತನ್ನು ಹುಡುಕಿಕೊಂಡಿತು. ಸ್ವಲ್ಪ ಹೊತ್ತಿಗೆ ಕೋಲು ಮಡಿಲಿಗೆ ಜಾರಿತು, ತಲೆ ಗೋಡೆಗೆ ಒರಗಿತು.

"ಫಕೀರವ್ವ ಯಾರು? ಬಂದಾಳೇನು?" ಎಂದು ಒಳಗಿನಿಂದ ಕುಬೇರಪ್ಪ ಕೂಗಿದ.

ಸಂಕಪ್ಪ ಬಾಗಿಲಲ್ಲಿ ನಿಂತು ಒಮ್ಮೆ ಇತ್ತ ನೋಡಿದ.

"ಬಂದಾಳ್ರಿ, ಮಲಗ್ಯಾಳ. ಎಬ್ಬಸೂದಿಲ್ರಿ. ಗೊರಕಿ ಕೇಳಾಕತ್ತೈತಲ್ಲ, ಬದುಕ್ಯಾಳ ಅಂತ ಬರಕೋರಿ."