ನಾಳೆ ಟೈಲರ್ ಸಮುದ್ರಕ್ಕೆ ಹೊರಟರು

ನಮ್ಮ ಬೀದಿಯ ಟೈಲರ್‌ಗೆ ಹೆತ್ತವರು ಇಟ್ಟ ಹೆಸರು ಏನೋ ಇದೆ. ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ಅವರು ‘ನಾಳೆ ಟೈಲರ್’. ಬಟ್ಟೆ ಕೇಳಲು ಹೋದರೆ ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ತೆಗೆದು, ನಗುನಗುತ್ತಾ “ನಾಳೆ ಬನ್ನಿ, ರೆಡಿ ಇರುತ್ತೆ” ಅನ್ನುತ್ತಾರೆ. ಹೊಲಿಗೆಗೆ ಮಾತ್ರ ಹೆಸರಿಡುವ ಹಾಗಿಲ್ಲ. ಅದಕ್ಕೇ ಜನ ಬೈದುಕೊಂಡಾದರೂ ಮತ್ತೆ ಅದೇ ಅಂಗಡಿಗೆ ಬರುತ್ತಾರೆ.

ಈ ‘ನಾಳೆ’ ಗಿರಾಕಿಗಳಿಗಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮನೆಯಲ್ಲೂ ಅದೇ ರಾಗ. ಅವರ ತಾಯಿಗೆ ಇದ್ದದ್ದು ಒಂದೇ ಆಸೆ, ಸಮುದ್ರ ನೋಡಬೇಕು. ನಾವಿರುವ ದೇಶಕ್ಕೋ ನಾಲ್ಕೂ ಕಡೆ ಬರೀ ನೆಲ, ಕರಾವಳಿಯೇ ಇಲ್ಲ. ಸಮುದ್ರ ಬೇಕೆಂದರೆ ಗಡಿ ದಾಟಿ ಬೇರೆ ದೇಶಕ್ಕೇ ಹೋಗಬೇಕು. “ಹೋಗೋಣಮ್ಮ, ನಾಳೆ” ಅನ್ನುತ್ತಲೇ ಮಗನ ತಲೆ ನರೆಯಿತು. ಅಷ್ಟರಲ್ಲಿ ಅಮ್ಮನ ಕಣ್ಣು ಮಂಜಾಗತೊಡಗಿತು.

ಅಂಗಡಿಯಲ್ಲಿ ಗುಂಡಿ ಹಚ್ಚುವುದು, ಅಂಚು ಮಡಿಸಿ ಹೊಲಿಯುವುದು ಎಲ್ಲ ಆ ಅಮ್ಮನದೇ ಕೆಲಸ. ಈಗ ಬಟ್ಟೆಯನ್ನು ಮೂಗಿನ ತನಕ ತಂದುಕೊಂಡರೂ ಸೂಜಿ ತಪ್ಪುತ್ತಿತ್ತು. ಕಣ್ಣಿನ ಡಾಕ್ಟರು ಹನಿ ಹಾಕಿಕೊಳ್ಳುವ ಔಷಧಿ ಕೊಟ್ಟು, “ಇರೋ ದೃಷ್ಟಿನ ಆದಷ್ಟು ಉಳಿಸ್ಕೊಳ್ಳೋಣ. ಹೋಗಿದ್ದು ವಾಪಸ್ ಬರಲ್ಲ” ಎಂದು ನೇರವಾಗಿಯೇ ಹೇಳಿದರು.

ಮರುದಿನ ಟೈಲರ್ ಅಂಗಡಿಯ ಬಾಗಿಲು ತೆರೆದವರೇ ಫೋನು ಹಿಡಿದು ಕೂತರು. ಜನ್ಮದಲ್ಲಿ ಮೊದಲ ಸಲ ಅವರಿಗೆ ಅವಸರ ಬಂದಿತ್ತು. ಅವಸರವೂ ಆಲಸ್ಯದಷ್ಟೇ ಅಪಾಯ ನೋಡಿ.

“ಸಿಕ್ತು ಕಣೇ!” ಎಂದು ಹೆಂಡತಿಯನ್ನು ಕೂಗಿದರು. “ಸಮುದ್ರದ ಎದುರಿಗೇ ರೂಮು, ವಿಮಾನದ ಟಿಕೆಟ್ಟೂ ಸೇರಿ. ಮುಂದಿನ ತಿಂಗಳೇ. ಅರ್ಧಕ್ಕರ್ಧ ಅಗ್ಗ! ಒತ್ತಿಬಿಡ್ಲಾ?”

ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. “ಸ್ವಲ್ಪ ತಡೀರಿ. ನಿಮ್ಮ ತಂಗಿ ಬರ್ಲಿ. ಅವಳು ನಾಲ್ಕು ಕಡೆ ಹೋಗಿ ಬಂದೋಳು.”

ಟೈಲರ್ ತಂಗಿ ಊರಿನ ಈಜುಕೊಳದಲ್ಲಿ ಈಜು ಕಲಿಸುತ್ತಾರೆ. ಸ್ಪರ್ಧೆಗೆಂದು ಮಕ್ಕಳನ್ನು ಹೊರದೇಶಗಳಿಗೂ ಕರೆದುಕೊಂಡು ಹೋಗಿ ಬಂದವರು. ಚೀಲದ ಪಟ್ಟಿ ಹೊಲಿಸಿಕೊಳ್ಳಲು ಬಂದವರು ಒದ್ದೆ ತಲೆಯಲ್ಲೇ ಸ್ಟೂಲಿನ ಮೇಲೆ ಕೂತು ಫೋನು ಇಸಿದುಕೊಂಡರು.

“ಅಣ್ಣಾ, ಬಟ್ಟೆ ಅಂಗಡಿಯವನು ಅರ್ಧ ಬೆಲೆಗೆ ಬಟ್ಟೆ ಕೊಟ್ರೆ ಏನ್ಮಾಡ್ತೀಯಾ?”

“ಬೆಳಕಿಗೆ ಹಿಡಿದು ನೋಡ್ತೀನಿ. ಎಲ್ಲೋ ತೂತಿರುತ್ತೆ.”

“ಇದನ್ನೂ ಬೆಳಕಿಗೆ ಹಿಡಿ. ಆ ತಿಂಗಳು ಅಲ್ಲಿ ಬಿರುಗಾಳಿ ಕಾಲ. ದಂಡೆ ಮೇಲೆ ಕೆಂಪು ಬಾವುಟ ಹಾರಿಸ್ತಾರೆ, ಯಾರೂ ನೀರಿಗೆ ಇಳಿಯೋ ಹಾಗಿಲ್ಲ. ಅಮ್ಮ ಕಿಟಕಿ ಗಾಜು ಒರೆಸ್ಕೊಂಡು ಕೂತಿರ್ಬೇಕು ಅಷ್ಟೆ.”

ಮೂಲೆಯಲ್ಲಿ ಗುಂಡಿ ಆರಿಸುತ್ತಿದ್ದ ಅಮ್ಮ, “ಮಳೆ ನೋಡೋಕೆ ಅಷ್ಟು ದೂರ ಯಾಕಪ್ಪ? ನಮ್ಮ ಅಡುಗೆಮನೆ ಸೋರುತ್ತಲ್ಲ, ಅಲ್ಲೇ ನೋಡ್ತೀನಿ” ಅಂದರು.

ಎಲ್ಲರೂ ನಕ್ಕರು. ಟೈಲರ್ ಮಾತ್ರ ನಗಲಿಲ್ಲ.

“ಸರಿ, ಪಾಸ್‌ಪೋರ್ಟ್ ತೋರ್ಸು” ಅಂದರು ತಂಗಿ.

ಅದೊಂದನ್ನು ಟೈಲರ್ ಬಹಳ ಹಿಂದೆಯೇ ಅಮ್ಮ, ಹೆಂಡತಿ, ತಾವು ಹೀಗೆ ಮೂವರಿಗೂ ಮಾಡಿಸಿದ್ದರು. ದಾರದ ಉಂಡೆಗಳ ಡಬ್ಬದಿಂದ ತೆಗೆದು ಹೆಮ್ಮೆಯಿಂದ ಕೊಟ್ಟರು. “ನೋಡು, ಅವಧಿ ಇನ್ನೂ ಇದೆ. ನಾವು ಹೋಗಿ ಬಂದ್ಮೇಲೂ ಮಿಗುತ್ತೆ.”

“ಸಾಲದು ಅಣ್ಣ. ಎಷ್ಟೋ ದೇಶದೋರು ನಾವು ಅಲ್ಲಿ ಕಾಲಿಟ್ಟ ದಿನದಿಂದ ಇನ್ನೂ ಆರು ತಿಂಗಳು ಅವಧಿ ಇರ್ಬೇಕು ಅಂತಾರೆ. ಇಲ್ದಿದ್ರೆ ಇಲ್ಲೇ ವಿಮಾನ ಹತ್ತಿಸಲ್ಲ.”

ಟೈಲರ್‌ಗೆ ರೇಗಿತು. “ಇದೆಲ್ಲಿಯ ನ್ಯಾಯ? ಕೊನೇ ತಾರೀಕು ಅಂತ ಅವ್ರೇ ಹಾಕಿದ್ಮೇಲೆ ಅಲ್ಲೀ ತನಕ ನಡೀಬೇಕು ತಾನೆ?”

ಈಗ ಅಮ್ಮ ತಲೆ ಎತ್ತಿದರು. “ಅಲ್ವೋ, ಮಗೂಗೆ ಫ್ರಾಕು ಹೊಲಿಯುವಾಗ ಅಳತೆಗೆ ಸರಿಯಾಗಿ ಕತ್ತರಿಸ್ತೀಯಾ?”

“ಯಾರಾದ್ರೂ ಹಾಗೆ ಮಾಡ್ತಾರೇನಮ್ಮ? ಒಳಗೆ ಬಟ್ಟೆ ಬಿಡ್ತೀನಿ. ಮಗು ಬೆಳೆಯುತ್ತೆ, ಬಟ್ಟೆ ಕುಗ್ಗುತ್ತೆ. ಬಿಚ್ಚಿ ಅಗಲ ಮಾಡೋಕೆ ಬರ್ಬೇಕಲ್ಲ.”

“ಹೂಂ. ಅವ್ರೂ ಒಳಗೆ ಬಟ್ಟೆ ಬಿಡಪ್ಪ ಅಂತಿದಾರೆ. ಅಲ್ಲಿ ನಾನು ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಉಳ್ಕೊಂಡ್ರೆ ಏನ್ಮಾಡ್ತೀಯಾ?”

ಟೈಲರ್ ದಿನವೂ ಗಿರಾಕಿಗಳಿಗೆ ಹೇಳುವ ಮಾತೇ ಅವರಿಗೆ ತಿರುಗಿ ಬಂದಿತ್ತು.

“ಹಾಗಾದ್ರೆ ಈ ಸಲಾನೂ ಹೋಗೋದಿಲ್ವಾ?” ಎಂದು ಅಮ್ಮ ಮೆಲ್ಲಗೆ ಕೇಳಿದರು. ಕೇಳಿ ಗುಂಡಿಗಳ ಕಡೆ ತಿರುಗಿಕೊಂಡರು. ಆ ಕಣ್ಣಿಗೆ ಬಿಳಿ ಗುಂಡಿಯೂ ಹಳದಿ ಗುಂಡಿಯೂ ಒಂದೇ ಆಗತೊಡಗಿದ್ದು ಮನೆಯವರಿಗೆಲ್ಲ ಗೊತ್ತಿತ್ತು.

ಟೈಲರ್ “ನಾ...” ಎಂದು ಬಾಯಿ ತೆರೆದರು. ಅರ್ಧಕ್ಕೇ ನುಂಗಿಕೊಂಡರು. “ಇವತ್ತೇ” ಅಂದರು. “ಇವತ್ತೇ ಪಾಸ್‌ಪೋರ್ಟ್ ಆಫೀಸಿಗೆ ಹೋಗ್ತೀನಿ. ಬಾಗಿಲು ಹಾಕು ಕಣೇ.”

ಹೊಸ ಪಾಸ್‌ಪೋರ್ಟ್ ಕೈಗೆ ಬಂತು. ಆಮೇಲೆ ಹೋಗುವ ದೇಶದ ದೂತಾವಾಸದಲ್ಲೇ ಕೇಳಿ ವೀಸಾ ಮಾಡಿಸಿದರು. ಬಿಸಿಲು ಹದವಾಗಿ, ಸಮುದ್ರ ಶಾಂತವಾಗಿರುವ ತಿಂಗಳು ನೋಡಿ ಟಿಕೆಟ್ ತೆಗೆದರು. ಪ್ರಯಾಣದ ವಿಮೆಯ ಮಾತು ಬಂದಾಗ ಮಾತ್ರ ಟೈಲರ್ ಮತ್ತೆ ಹಟ ಹಿಡಿದರು.

“ಹೊರಡೋಕೆ ಮುಂಚೇನೇ ಕೆಟ್ಟದ್ದು ಯಾಕೆ ನೆನೆಸ್ಬೇಕು?”

“ನೀವು ದಿನಾ ಅಂಗಡಿಗೆ ಬೀಗ ಹಾಕೋದು ಕಳ್ಳ ಬರ್ಲಿ ಅಂತಾನಾ?” ಎಂದು ಹೆಂಡತಿ ಕೇಳಿದರು.

ವಿಮೆಯೂ ಆಯಿತು. ಅಮ್ಮನ ಕಣ್ಣಿನ ಹನಿಯನ್ನು ಪೆಟ್ಟಿಗೆಯ ಸಮೇತ, ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲೇ ಇಟ್ಟುಕೊಂಡರು. ದೊಡ್ಡ ಪೆಟ್ಟಿಗೆ ದಾರಿಯಲ್ಲಿ ಎಲ್ಲಾದರೂ ತಪ್ಪಿಹೋದರೆ ಔಷಧಿಯಾದರೂ ಕೈಯಲ್ಲಿರುತ್ತದೆ. ಪಾಸ್‌ಪೋರ್ಟ್, ಟಿಕೆಟ್, ವಿಮೆ ಎಲ್ಲದರ ನಕಲು ತಂಗಿಯ ಕೈಗೆ ಹೋಯಿತು. ತಂಗಿ ಅಣ್ಣ ಅತ್ತಿಗೆಯರನ್ನು ಈಜುಕೊಳಕ್ಕೂ ಎಳೆದುಕೊಂಡು ಹೋದರು.

“ಕೊಳದ ನೀರು ಸಾಧು ಪ್ರಾಣಿ. ಸಮುದ್ರ ಹಾಗಲ್ಲ” ಎಂದರು. “ಕಾವಲಿನವರು ಇರೋ ಕಡೆ ಮಾತ್ರ ಇಳೀರಿ. ಕೆಂಪು ಹಳದಿ ಬಾವುಟ ಎರಡು ನೆಟ್ಟಿರ್ತಾರೆ, ಅವುಗಳ ಮಧ್ಯೆ. ಬರೀ ಕೆಂಪು ಇದ್ರೆ ಕಾಲೂ ಇಡ್ಬೇಡಿ. ನೀರು ಒಳಗೆ ಎಳೀತು ಅಂದ್ರೆ ಅದರ ಜೊತೆ ಗುದ್ದಾಡ್ಬೇಡಿ, ಸುಸ್ತಾಗ್ತೀರಿ. ದಂಡೆ ಉದ್ದಕ್ಕೆ, ಸೆಳೆತಕ್ಕೆ ಅಡ್ಡವಾಗಿ ಈಜಿ. ಈಜೋಕೆ ಆಗ್ದಿದ್ರೆ ತೇಲ್ತಾ ಕೈ ಎತ್ತಿ ಕೂಗಿ.”

ಹೊರಡುವ ಹಿಂದಿನ ದಿನ ಟೈಲರ್ ಒಂದು ರಟ್ಟು ಬರೆದು ಅಂಗಡಿಗೆ ನೇತುಹಾಕಿದರು: ‘ನಾಳೆ ಬರಬೇಡಿ. ಮನೆಯವರೆಲ್ಲ ಸಮುದ್ರಕ್ಕೆ ಹೋಗಿದ್ದೇವೆ.’

ತಂಗಿ ಹಣೆ ಚಚ್ಚಿಕೊಂಡರು. “ಮನೆ ಖಾಲಿ ಇದೆ ಬನ್ನಿ ಅಂತ ಕಳ್ಳರಿಗೆ ಕರೆಯೋಲೆ ಬರ್ದಿದೀಯಾ?” ಕತ್ತರಿ ತೆಗೆದುಕೊಂಡು ಕೆಳಗಿನ ಸಾಲನ್ನು ಕತ್ತರಿಸಿದರು. ‘ನಾಳೆ ಬರಬೇಡಿ’ ಅಷ್ಟೇ ಉಳಿಯಿತು. ಅದನ್ನು ಓದಿದ ಗಿರಾಕಿಗಳು ಟೈಲರ್ ಕೊನೆಗೂ ಸುಧಾರಿಸಿದರು ಅಂದುಕೊಂಡರು.

ಶಾಂತ ತಿಂಗಳೇ ಆದರೂ, ಅಲ್ಲಿ ಹೋಗಿ ಇಳಿದ ಮೊದಲ ದಿನ ದಂಡೆಯ ಮೇಲೆ ಕೆಂಪು ಬಾವುಟ ಹಾರುತ್ತಿತ್ತು. ಅಲೆಗಳು ಮನೆಯೆತ್ತರ ಏಳುತ್ತಿದ್ದವು. ಇಷ್ಟು ವರ್ಷ ಕಾದ ಅಮ್ಮ ಮರಳಿನ ಮೇಲೆ ನಿಂತಿದ್ದರು. ಪಾದವಷ್ಟೇ ನೆನೆಸಿದರೆ ಏನಾದೀತು ಎಂದು ಟೈಲರ್ ಒಂದು ಹೆಜ್ಜೆ ಮುಂದಿಟ್ಟರು. ತಂಗಿಯ ಮಾತು ನೆನಪಾಗಿ ನಿಂತರು.

“ಇವತ್ತು ಬೇಡಮ್ಮ. ನಾಳೆ ಬರೋಣ.”

ಹೇಳಿದ ಮೇಲೆ ತಮ್ಮ ಬಾಯಿಂದ ಏನು ಬಂತೆಂದು ಅವರಿಗೇ ತಿಳಿದು ಮುಖ ಸಪ್ಪಗಾಯಿತು.

ಅಮ್ಮ ಮಗನ ಕೈ ಹಿಡಿದು ನಕ್ಕರು. “ನಿನ್ನ ನಾಳೇನಾ, ನಿಜವಾದ ನಾಳೇನಾ?”

ನಿಜವಾದ ನಾಳೆಯೇ ಬಂತು. ಕೆಂಪು ಬಾವುಟ ಇಳಿದಿತ್ತು. ಕೆಂಪು ಹಳದಿ ಬಾವುಟಗಳ ಮಧ್ಯೆ, ಒಂದು ಕಡೆ ಮಗ, ಇನ್ನೊಂದು ಕಡೆ ಸೊಸೆ ಹಿಡಿದುಕೊಂಡು ಅಮ್ಮ ಮೊಣಕಾಲಿನ ತನಕ ನೀರಿಗಿಳಿದರು. ಅಗಲವಾದ ಟೋಪಿ ಹಿಂದಕ್ಕೆ ತಳ್ಳಿ, ಮಂಜು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ನೀಲಿ ಕಾಣಿಸಿತು. ಅದರಾಚೆ ಇನ್ನೂ ನೀಲಿ.

“ಅಬ್ಬಬ್ಬ!” ಅಂದರು. “ಎಷ್ಟು ದೊಡ್ಡ ಬಟ್ಟೇನೋ ಇದು! ಇದರ ಅಂಚು ಮಡಿಸೋ ಕೆಲಸ ಮಾತ್ರ ನನಗೆ ಹೇಳ್ಬೇಡಪ್ಪ.”

ಟೈಲರ್ ಅಲ್ಲಿ ಅತ್ತರಂತೆ. ಉಪ್ಪು ನೀರು ಕಣ್ಣಿಗೆ ಹಾರಿತು ಎಂದು ಈಗಲೂ ವಾದಿಸುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಸಮುದ್ರ ನೋಡದ ಒಬ್ಬರು ಇದ್ದಾರು. ಎದ್ದು ಪಾಸ್‌ಪೋರ್ಟಿನ ತಾರೀಕು ನೋಡಿ. ಹೋಗುವ ಕಡೆಯ ಹವೆ ಯಾವ ತಿಂಗಳು ಹೇಗೆ ಎಂದು ವಿಚಾರಿಸಿ. ವಿಮೆ ಮಾಡಿಸಿ, ಔಷಧಿ ಕೈಯಲ್ಲಿಟ್ಟುಕೊಳ್ಳಿ. ಬಾವುಟದ ಮಾತು ಮೀರಬೇಡಿ. ಎಲ್ಲದಕ್ಕೂ ಒಳಗೆ ಸ್ವಲ್ಪ ಬಟ್ಟೆ ಬಿಡಿ, ದಿನಗಳಿಗೂ ಕೂಡ. ಕೆಂಪು ಬಾವುಟ ಹಾರಿದಾಗ ಮಾತ್ರ ‘ನಾಳೆ’ ಅನ್ನಿ. ಮಿಕ್ಕ ಕೆಲಸವನ್ನೆಲ್ಲ ಇವತ್ತೇ ಶುರುಮಾಡಿ.